ಮೂರು ದಿನದ ನೀರು

ಟೈಲ್ಸ್ ಹಾಕುವವರಲ್ಲಿ ಎರಡು ಬಗೆ. ಹೊಳೆಯುವ ಹಾಗೆ ಹಾಕುವವರು ಒಂದು ಬಗೆ, ಸೋರದ ಹಾಗೆ ಹಾಕುವವರು ಇನ್ನೊಂದು. ಹೊಳೆಯುವ ಹಾಗೆ ಹಾಕಿದವನಿಗೆ ಮೊದಲ ದಿನವೇ ಹೊಗಳಿಕೆ ಸಿಗುತ್ತದೆ. ಸೋರದ ಹಾಗೆ ಹಾಕಿದವನನ್ನು ಯಾರೂ ಹೊಗಳುವುದಿಲ್ಲ, ಏಕೆಂದರೆ ಸೋರದೆ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಮೇಸ್ತ್ರಿ ಎರಡನೆಯ ಬಗೆಯವನು, ಅದರ ಜಂಬವೂ ಅವನಿಗೆ ಕಡಿಮೆ ಇರಲಿಲ್ಲ.

ಕಟ್ಟಡದ ಕೆಲಸದವರೆಲ್ಲ ಅವನನ್ನು ರಸಮಟ್ಟ ಎಂದು ಕರೆಯುತ್ತಿದ್ದರು. ನೆಲ ಮಟ್ಟವಾಗಿದೆಯೋ ಇಲ್ಲವೋ ಎಂದು ತೋರಿಸುವ ಪಟ್ಟಿ ಇದೆಯಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ಅದರ ಹೆಸರು. ನೆಂಟರ ಮನೆಯಲ್ಲಿ ಊಟಕ್ಕೆ ಕುಳಿತರೂ ಮೇಜು ಯಾವ ಕಡೆ ವಾಲಿದೆ ಎಂದು ನೋಡುವವನಿಗೆ ಇನ್ನೇನು ಹೆಸರಿಡುತ್ತಾರೆ?

ಅವನ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಬಚ್ಚಲುಮನೆಯ ಟೈಲ್ಸ್ ಹಾಕಿ, ಸಂದುಗಳನ್ನೆಲ್ಲ ತುಂಬಿ ಒಣಗಿಸಿದ ಮೇಲೆ, ನೀರು ಹೋಗುವ ತೂತಿಗೆ ಬಟ್ಟೆಯ ಉಂಡೆ ತುರುಕುತ್ತಿದ್ದ. ಬಾಗಿಲಿಗೆ ಅಡ್ಡ ಒಂದು ಸಾಲು ಇಟ್ಟಿಗೆ ಕಟ್ಟಿ, ನಾಲ್ಕು ಬೆರಳಷ್ಟು ನೀರು ನಿಲ್ಲಿಸುತ್ತಿದ್ದ. ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲು ತೆಗೆದು ನೀರು ಮುಟ್ಟಿದ ಜಾಗಕ್ಕೆ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದ. ಪಕ್ಕದಲ್ಲಿ ಒಂದು ಮಗ್ಗಿನಲ್ಲೂ ನೀರು, ಅದಕ್ಕೂ ಒಂದು ಗೆರೆ. ಗಾಳಿ ಎಷ್ಟು ಕುಡಿಯಿತು ಎನ್ನುವುದಕ್ಕೆ ಮಗ್ಗು ಸಾಕ್ಷಿ. ಆಮೇಲೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋದರೆ ಮೂರು ದಿನ ಯಾರೂ ಆ ಬಾಗಿಲು ತೆಗೆಯುವಂತಿಲ್ಲ. ಮೂರನೇ ದಿನ ಗೆರೆಯಿಂದ ನೀರು ಇಳಿದ ಅಳತೆ ಎರಡು ಕಡೆಯೂ ಹೊಂದಿದರೆ ಕೆಲಸ ಪಾಸು. ಹೊಂದದಿದ್ದರೆ, ಯಾರು ಎಷ್ಟೇ ಅತ್ತರೂ, ಒಡೆದು ಮತ್ತೆ ಮೊದಲಿಂದ.

ಈ ಮೂರು ದಿನದ ನೀರಿನಿಂದಲೇ ಅವನು ತನ್ನ ಬಾಮೈದನನ್ನು ಕಳೆದುಕೊಂಡಿದ್ದ. ಹೆಂಡತಿಯ ತಮ್ಮ ಎಂಟು ವರ್ಷ ಅವನ ಜೊತೆಗೇ ಕೆಲಸ ಕಲಿತವನು. ಕೈ ಚೆನ್ನಾಗಿತ್ತು, ತಾಳ್ಮೆ ಇರಲಿಲ್ಲ. ಅವನೇ ಬಚ್ಚಲಿಗೆ ಟೈಲ್ಸ್ ಹಾಕಿದ್ದ ಒಂದು ಮನೆಯವರು, ನೀರಿನ ಪರೀಕ್ಷೆ ಮುಗಿದ ಮರುದಿನವೇ ಸಾಮಾನು ಸಾಗಿಸಿಕೊಂಡು ಬರುವವರಿದ್ದರು. ಮೂರನೇ ದಿನ, ಊಟದ ಹೊತ್ತು. ಕನ್ನಡಕವನ್ನೂ ಬಚ್ಚಲಿನ ಕೀಲಿಯನ್ನೂ ಮರೆತು ಹೋಗಿ ವಾಪಸು ಬಂದ ರಸಮಟ್ಟನ ಕಣ್ಣಿಗೆ ಬಿದ್ದದ್ದು, ಬಕೆಟ್ಟಿನಿಂದ ನೀರು ಮೊಗೆದು ನೆಲಕ್ಕೆ ಸುರಿಯುತ್ತಿದ್ದ ಬಾಮೈದ.

“ಅರ್ಧ ಬೆರಳು ಭಾವ, ಅಷ್ಟೇ. ಗಾಳಿಗೆ ಒಣಗಿರ್ಬೇಕು,” ಎಂದ ಅವನು, ಮುಖ ಕಪ್ಪಿಟ್ಟು.

ಮಗ್ಗಿನ ನೀರು ಗೆರೆಯಿಂದ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ರಸಮಟ್ಟ ಮನೆಯ ಯಜಮಾನರನ್ನು ಕೂಗಿ ಕರೆದ, ಬಡಗಿಯನ್ನು ಕರೆದ, ಬಣ್ಣ ಬಳಿಯುವವರನ್ನೂ ಕರೆದ. ಎಲ್ಲರ ಮುಂದೆ, “ಇವನು ನಿಮ್ಮ ಮನೆಗೆ ಮೋಸ ಮಾಡ್ತಿದ್ದ, ನೋಡಿ,” ಎಂದ. ತಪ್ಪು ಬಾಮೈದನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣದವರನ್ನು ಕರೆಯುವ ಅಗತ್ಯವಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಬಾಮೈದ ಕರಣೆಯನ್ನು ಅಲ್ಲೇ ಇಟ್ಟು ಹೊರಟುಹೋದ, ಆರು ವರ್ಷ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ.

“ಹೋಗ್ಲಿ, ಹೊಟ್ಟೆಗೆ ಹಾಕ್ಕೊಳ್ರೀ,” ಎಂದು ಹೆಂಡತಿ ಎಷ್ಟು ಸಲ ಹೇಳಿದಳೋ.

“ನನ್ನ ಹೊಟ್ಟೇಲಿ ಅಷ್ಟು ಜಾಗ ಇಲ್ಲ,” ಎನ್ನುತ್ತಿದ್ದ ಅವನು.

ಕಾಯಿಲೆ ಶುರುವಾದಾಗ ಅವನಿಗೆ ನಲವತ್ತೇಳು. ಮೊದಲು ಹೊಟ್ಟೆ ಮುರಿತ, ಆಮೇಲೆ ರಕ್ತ. ಮೂಲವ್ಯಾಧಿ ಇರಬೇಕು ಎಂದುಕೊಂಡು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳುವ ಮಾತೇ ಅದು? ದಿನಕ್ಕೆ ಆರು ಸಲ, ಎಂಟು ಸಲ. ತಡೆಯುತ್ತೇನೆ ಎಂದರೆ ತಡೆಯುವಂಥದ್ದಲ್ಲ. ಕಟ್ಟುತ್ತಿರುವ ಮನೆಗಳಲ್ಲಿ ಇವನೇ ಹಾಕಿದ ಚೆಂದದ ಬಚ್ಚಲುಗಳಿದ್ದವು, ಒಂದರಲ್ಲೂ ನೀರಿನ ಸಂಪರ್ಕ ಇರುತ್ತಿರಲಿಲ್ಲ. ಊರಿನವರಿಗೆಲ್ಲ ಬಚ್ಚಲು ಕಟ್ಟಿಕೊಟ್ಟವನು ಬೆಳಿಗ್ಗೆ ಕೆಲಸದ ಜಾಗಕ್ಕೆ ಹೋದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಹತ್ತಿರದ ಪೆಟ್ರೋಲ್ ಬಂಕ್ ಎಷ್ಟು ಹೆಜ್ಜೆ ದೂರ ಎಂದು ಎಣಿಸುವುದು. ಒಂದು ದಿನ ಹೆಜ್ಜೆ ಸಾಲಲಿಲ್ಲ. ಪ್ಯಾಂಟು ತೊಳೆಯುವಾಗ ಹೆಂಡತಿಗೆ ಗೊತ್ತಾಯಿತು, ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಕ್ಯಾಮೆರಾದ ಕೊಳವೆ ಹಾಕಿ ನೋಡಿದ ಡಾಕ್ಟರಮ್ಮ ಚಿತ್ರಗಳನ್ನು ಮುಂದಿಟ್ಟರು. ದೊಡ್ಡ ಕರುಳಿನ ಒಳಗೋಡೆ ಕೆಂಪಗೆ ಉರಿದು, ಅಲ್ಲಲ್ಲಿ ಹುಣ್ಣಾಗಿತ್ತು. ಅವರು ತಿಳಿಸಿ ಹೇಳುವ ಪ್ರಯತ್ನ ಮಾಡಿದರು.

“ಕರುಳಿನ ಒಳಗಡೆ ಒಂದು ಗೋಡೆ ಇದೆ ಅಂದ್ಕೊಳ್ಳಿ. ಒಂದೇ ಸಾಲು ಇಟ್ಟಿಗೆ. ಆ ಇಟ್ಟಿಗೆ...”

“ಇಟ್ಟಿಗೆ ಸೋರಲ್ಲ ಡಾಕ್ಟರಮ್ಮ. ಸೋರೋದು ಸಂದು.”

ಡಾಕ್ಟರಮ್ಮನ ಪೆನ್ನು ನಿಂತಿತು. ಅವರು ಅವನ ಮುಖವನ್ನು ಆಗ ಸರಿಯಾಗಿ ನೋಡಿದರು. “ಏನು ಕೆಲಸ ಮಾಡ್ತೀರಿ ನೀವು?”

ಆಮೇಲೆ ಅವರಿಬ್ಬರ ಮಾತು ಸಲೀಸಾಯಿತು. ಕರುಳಿನೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ, ಕೊಳವೆಯೊಳಗೆ ಇರುವವರೆಗೂ ಅವು ನಮ್ಮವೇ, ಉಪಕಾರವನ್ನೇ ಮಾಡುತ್ತವೆ ಎಂದರು ಅವರು. ಗೋಡೆಯ ಮೇಲೆ ಲೋಳೆಯ ಒಂದು ಪದರ, ಅದರ ಕೆಳಗೆ ಜೀವಕೋಶಗಳ ಒಂದೇ ಒಂದು ಸಾಲು, ಕೋಶ ಕೋಶಗಳ ನಡುವೆ ಬಿಗಿಯಾದ ಸಂದು. ಈ ಕಾಯಿಲೆಯಲ್ಲಿ ಲೋಳೆ ತೆಳುವಾಗುತ್ತದೆ, ಸಂದು ಸಡಿಲವಾಗುತ್ತದೆ. ಒಳಗಿರಬೇಕಾದದ್ದು ಗೋಡೆಯ ಕೆಳಗೆ ಇಳಿಯುತ್ತದೆ. ಅಲ್ಲಿ ದೇಹದ ಕಾವಲುಗಾರರು ಕುಳಿತಿರುತ್ತಾರೆ. ಕಳ್ಳ ಬಂದ ಎಂದು ಅವರು ಬೆಂಕಿ ಹಚ್ಚುತ್ತಾರೆ. ಆ ಬೆಂಕಿಗೆ ಉಳಿದ ಸಂದುಗಳೂ ಬಿಟ್ಟುಕೊಳ್ಳುತ್ತವೆ.

“ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು,” ಎಂದ ರಸಮಟ್ಟ. ಸ್ವಲ್ಪ ಯೋಚಿಸಿ ಕೇಳಿದ, “ಮೊದಲು ಸೋರಿದ್ದಾ, ಮೊದಲು ಉರಿದದ್ದಾ?”

“ಅದು ನಮಗೂ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಹುಡುಕ್ತಾ ಇದ್ದೀವಿ.”

ಈ ಉತ್ತರ ಅವನಿಗೆ ಬಹಳ ಹಿಡಿಸಿತು. ಬಿರುಕಿನಿಂದ ನೀರು ಬಂತೋ ನೀರಿನಿಂದ ಬಿರುಕು ಬಂತೋ ಎಂದು ಅವನೂ ಎಷ್ಟೋ ಛಾವಣಿಗಳ ಕೆಳಗೆ ನಿಂತು ತಲೆ ಕೆರೆದುಕೊಂಡಿದ್ದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರ ಮಾತು ಕೇಳಬೇಕು ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ. ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು. ಚೆನ್ನಾಗಿದ್ದೇನೆ ಅನ್ನಿಸಿದರೂ ಮಾತ್ರೆ ಬಿಡಬೇಡಿ. ನಮ್ಮನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ, ಅದು ಆ ಗೋಡೆಗೆ ಆಗದು. ಎರಡಕ್ಕೂ ತಲೆಯಾಡಿಸಿ ಬಂದಿದ್ದ.

ಔಷಧಿ ಹಿಡಿಯಿತು. ಎರಡೂವರೆ ತಿಂಗಳಿಗೆ ರಕ್ತ ನಿಂತಿತು, ಮೈಗೆ ಮಾಂಸ ಹತ್ತಿತು, ಪೆಟ್ರೋಲ್ ಬಂಕಿನ ಹೆಜ್ಜೆ ಎಣಿಸುವುದು ಮರೆತುಹೋಯಿತು. ಒಂದೂವರೆ ವರ್ಷ ಹಾಗೇ ಸಾಗಿತು. ಇಷ್ಟಕ್ಕೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವನು ಸುಮ್ಮನಿರಲಿಲ್ಲ, ಪರೀಕ್ಷೆಗಿಳಿದ. ಹೇಗೆಂದರೆ, ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿ, ಖಾರ ತಿಂದ, ಎಣ್ಣೆಯಲ್ಲಿ ಕರಿದದ್ದು ತಿಂದ, ಕಂಡಕಂಡಲ್ಲಿ ಊಟ ಮಾಡಿದ. ಮೂರು ದಿನ ಅಲ್ಲ, ಮೂರು ತಿಂಗಳು. ಒಂದು ಹನಿ ರಕ್ತ ಕಾಣಲಿಲ್ಲ. ಗೆರೆ ಇಳಿದಿಲ್ಲ, ಕೆಲಸ ಪಾಸು ಎಂದು ತನಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡ. ನಮ್ಮಲ್ಲಿ ಯಾರಾದರೂ ಸೋಮಾರಿತನದಿಂದ ಮಾತ್ರೆ ಬಿಡುತ್ತೇವೆ, ಮರೆತು ಬಿಡುತ್ತೇವೆ. ಇವನು ಬಿಟ್ಟದ್ದು ಕಸುಬಿನ ನಿಷ್ಠೆಯಿಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ಹೇಳಬೇಕು?

ಅದರ ಜೊತೆಗೆ ಮಂಡಿ. ಇಪ್ಪತ್ತೈದು ವರ್ಷ ಕುಕ್ಕರುಗಾಲಿನಲ್ಲಿ ಕುಳಿತವನ ಮಂಡಿ ಸುಮ್ಮನಿರುತ್ತದೆಯೇ? ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಸಾಮಾನಿನ ಚೀಲದಲ್ಲಿಟ್ಟುಕೊಂಡ. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಕೊನೆಗೆ ದಿನಕ್ಕೆ ಮೂರು. ನೋವು ಮಂಡಿಯದು, ಹೊಟ್ಟೆಗೇನು ಸಂಬಂಧ ಎಂಬ ಲೆಕ್ಕ.

ಒಂದು ದಿನ ಬೆಳಿಗ್ಗೆ ಮೂರನೇ ಮಹಡಿಯ ಒಂದು ಬಚ್ಚಲಿನಲ್ಲಿ ಕೊನೆಯ ಸಂದು ತುಂಬುತ್ತಿದ್ದಾಗ ಹೊಟ್ಟೆಯಲ್ಲಿ ಕತ್ತಿ ಆಡಿಸಿದ ಹಾಗಾಯಿತು. ಅದಕ್ಕೆ ಹದಿನೈದು ದಿನ ಮೊದಲೇ ರಕ್ತ ಮತ್ತೆ ಕಾಣಿಸಿಕೊಂಡಿತ್ತು, ಅವನು ಕಂಡೂ ಕಾಣದವನ ಹಾಗಿದ್ದ. ಆ ಬೆಳಿಗ್ಗೆ ಮೂರು ಸಲ ಮೆಟ್ಟಿಲಿಳಿದು ಓಡಿ, ಮೂರು ಸಲ ಹತ್ತಿ ಬಂದಿದ್ದ. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮೂಲೆಯ ಪೈಪಿನ ಸುತ್ತಲಿನ ಸಂದು ಹೇಗೋ ಒರೆಸಿ ಮುಗಿಸಿದ. ಬೀಗ ಹಾಕಿದ. ನಾಳೆ ನೀರು ನಿಲ್ಲಿಸೋಣ ಎಂದುಕೊಂಡು ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲಾಯಿತು. ಕೆಳಗಿದ್ದ ಬಡಗಿ ಎತ್ತಿಕೊಂಡು ಆಸ್ಪತ್ರೆಗೆ ಹಾಕಿದ.

ಹೆಂಡತಿ ಬಂದವಳು ಸಾಮಾನಿನ ಚೀಲವನ್ನು ವಾರ್ಡಿನ ನೆಲದ ಮೇಲೆ ಮಗುಚಿದಳು. ಕರಣೆ, ನೂಲು, ರಬ್ಬರ್ ಸುತ್ತಿಗೆ, ರಸಮಟ್ಟ, ಅದರ ಜೊತೆಗೆ ನೋವಿನ ಮಾತ್ರೆಯ ಖಾಲಿ ಪಟ್ಟಿಗಳು ಸುರಿದವು. ಅವಳು ಒಂದೊಂದಾಗಿ ಎತ್ತಿ ಮಂಚದ ಮೇಲೆ ಸಾಲಾಗಿ ಜೋಡಿಸಿದಳು. ಹದಿನಾಲ್ಕು.

“ಚೆನ್ನಾಗಿ ಜೋಡ್ಸಿದ್ದೀನಾ ಮೇಸ್ತ್ರಿ? ಮಟ್ಟ ಸರಿಯಾಗಿದೆಯಾ ನೋಡಿ,” ಎಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಡಾಕ್ಟರಮ್ಮ ಬೈಯಲಿಲ್ಲ. ಮಾತ್ರೆ ಏಕೆ ಬಿಟ್ಟಿರಿ ಎಂದು ಕೇಳಿದರು. ಅವನು ತನ್ನ ಪರೀಕ್ಷೆಯ ಕಥೆ ಹೇಳಿದ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

“ನೀವು ಹಾಕಿದ ನೆಲ ಒಂದ್ಸಲ ಸೋರದೆ ನಿಂತ್ರೆ ಎಷ್ಟು ವರ್ಷ ಬರತ್ತೆ?”

“ಮೂವತ್ತು. ನಾನು ಹಾಕಿದ್ದಾದ್ರೆ.”

“ಕರುಳಿನ ಒಳಗಿನ ಆ ಸಾಲು ಇದೆಯಲ್ಲ, ಅದು ನಾಲ್ಕೈದು ದಿನಕ್ಕೊಂದ್ಸಲ ಪೂರ್ತಿ ಕಳಚಿ ಹೊಸದಾಗತ್ತೆ. ಎಲ್ಲರಿಗೂ ಹಾಗೇ. ಅಂದ್ರೆ ಅಲ್ಲಿ ಕೆಲಸ ಮುಗಿಯೋದೇ ಇಲ್ಲ. ನಿಮ್ಮ ಮಾತ್ರೆ ಅಲ್ಲಿ ಉರಿ ಏಳದ ಹಾಗೆ ನೋಡ್ಕೊಳ್ತಿತ್ತು. ಅದು ಇದ್ದಿದ್ರಿಂದಲೇ ಹೊಸ ಸಾಲು ನೆಟ್ಟಗೆ ಕೂರ್ತಿತ್ತು. ನೀವು ಕೆಲಸ ಮುಗೀತು ಅಂತ ಅದನ್ನ ಮನೆಗೆ ಕಳಿಸಿದ್ರಿ.”

ರಸಮಟ್ಟ ಗೋಡೆ ನೋಡಿದ. ಇಷ್ಟು ಸರಳವಾದ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ.

“ಈಗ ರಕ್ತನಾಳದಲ್ಲಿ ಔಷಧಿ ಕೊಡ್ತಾ ಇದ್ದೀವಿ,” ಎಂದರು ಡಾಕ್ಟರಮ್ಮ. “ಮೂರು ದಿನ ನೋಡ್ತೀವಿ. ದಿನಕ್ಕೆ ಎಷ್ಟು ಸಲ ಹೋದ್ರಿ ಅಂತ ಎಣಿಸ್ಬೇಕು. ಇಳೀತಾ ಬಂದ್ರೆ ಒಳ್ಳೇದು. ಮೂರನೇ ದಿನವೂ ಇಳೀದಿದ್ರೆ ಇನ್ನೊಂದು ಇಂಜೆಕ್ಷನ್ ಇದೆ, ಅದಕ್ಕೂ ಸಮಯ ಇಲ್ಲ ಅನ್ಸಿದ್ರೆ ಆಪರೇಷನ್. ದೊಡ್ಡ ಕರುಳು ತೆಗೀಬೇಕಾಗತ್ತೆ. ಹೊಟ್ಟೆ ಮೇಲೆ ಒಂದು ದಾರಿ ಮಾಡಿ ಚೀಲ ಅಂಟಿಸ್ತೀವಿ. ಹಾಗೆ ಬದುಕೋರು ಬೇಕಾದಷ್ಟು ಜನ ಇದ್ದಾರೆ, ಕೆಲಸಕ್ಕೂ ಹೋಗ್ತಾರೆ. ಆದ್ರೆ ತಡ ಆದ್ರೆ ಕರುಳು ಒಳಗೇ ಒಡೀಬಹುದು. ಆಗ ನಮ್ಮ ಕೈಲಿ ಏನೂ ಇರಲ್ಲ.”

ಮೂರು ದಿನ ಎಂಬ ಮಾತು ಅವನಿಗೆ ನಾಟಿತು. ಚೀಲ ಎಂಬ ಮಾತು ಅದಕ್ಕಿಂತ ಆಳಕ್ಕೆ ಇಳಿಯಿತು. ಜೀವನವಿಡೀ ಸೋರುವುದನ್ನು ನಿಲ್ಲಿಸಿದವನು, ಕೊನೆಗೆ ಸೋರುವ ಹೊಟ್ಟೆಗೆ ಚೀಲ ಕಟ್ಟಿಕೊಂಡು ಅಲೆಯುವುದೇ? ಕುಕ್ಕರುಗಾಲಿನಲ್ಲಿ ಕೂರುವುದು ಹೇಗೆ? ಬಣ್ಣದವರು ನಗುವುದಿಲ್ಲವೇ? ಸಾಯುವುದೇ ಮೇಲು ಎಂದು ಒಂದು ಸಲ ಅಂದುಕೊಂಡ, ಹೆಂಡತಿಯ ಮುಖ ನೋಡಿ ಆ ಮಾತನ್ನು ನುಂಗಿಕೊಂಡ.

ಗಂಡಸರ ವಾರ್ಡಿನಲ್ಲಿ ಜೊತೆಗಿರಲು ಗಂಡಸರೇ ಬೇಕು ಎಂದರು. ಹೆಂಡತಿ ಯಾರನ್ನೂ ಕೇಳದೆ ತಮ್ಮನಿಗೆ ಫೋನು ಮಾಡಿದಳು. ಬಾಮೈದ ಬಂದ. ಆರು ವರ್ಷದಲ್ಲಿ ಕೂದಲು ತೆಳುವಾಗಿತ್ತು, ಹೊಟ್ಟೆ ಬಂದಿತ್ತು. ಸಣ್ಣ ಪುಟ್ಟ ಕೆಲಸ ಹಿಡಿದು ಬೇರೆಯೇ ದುಡಿಯುತ್ತಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, “ನೀರು ಬೇಕಾ ಭಾವ?” ಎಂದ. ಆರು ವರ್ಷದ ಮೇಲೆ ಆಡಿದ ಮೊದಲ ಮಾತು ನೀರಿನದೇ ಆಯಿತು. ಇಬ್ಬರಿಗೂ ಅದು ಹೊಳೆಯಿತು, ಇಬ್ಬರೂ ಕಿಟಕಿಯ ಕಡೆ ನೋಡಿದರು.

ವಾರ್ಡಿನ ಶೌಚಾಲಯದ ಬಾಗಿಲಿಗೆ ಸಿಸ್ಟರ್ ಒಂದು ಕಾಗದ ಅಂಟಿಸಿದ್ದರು. ಹೋಗಿ ಬಂದಾಗಲೆಲ್ಲ ಅದರ ಮೇಲೆ ಒಂದು ಗೆರೆ. ರಸಮಟ್ಟ ತನ್ನ ಕೆಂಪು ಪೆನ್ಸಿಲಿನಲ್ಲೇ ಎಳೆಯುತ್ತೇನೆ ಎಂದ. ಮೊದಲ ದಿನ ಹನ್ನೆರಡು ಗೆರೆ ಬಿದ್ದವು. ಅಷ್ಟು ನೋವಿನಲ್ಲೂ ಅವನು ಅಲ್ಲಿನ ನೆಲ ನೋಡದೆ ಬಿಡಲಿಲ್ಲ. ನೀರು ಹರಿಯುವ ವಾಟ ಉಲ್ಟಾ, ನೀರೆಲ್ಲ ಬಾಗಿಲಿಗೇ ಬರುತ್ತಿತ್ತು.

“ಇದನ್ನ ಹಾಕಿದವನ್ನ ಕರ್ಕೊಂಡು ಬಂದು ಇಲ್ಲೇ ಅಡ್ಮಿಟ್ ಮಾಡ್ಬೇಕು,” ಎಂದ. ಬಾಮೈದ ನಕ್ಕ. ಒಂದು ಗಳಿಗೆ ಹಳೆಯ ಕಾಲ ವಾಪಸು ಬಂದ ಹಾಗಿತ್ತು.

ಎರಡನೇ ದಿನ ಆರು ಗೆರೆ. ಹೆಂಡತಿಯ ಮುಖ ಅರಳಿತು. ಮೂರನೇ ದಿನ ಮಧ್ಯಾಹ್ನದವರೆಗೆ ಎರಡೇ. ಆದರೆ ಡಾಕ್ಟರಮ್ಮ ಕಾಗದ ನೋಡಿ ಸಂತೋಷಪಡಲಿಲ್ಲ. ನಾಡಿ ಓಡುತ್ತಿತ್ತು, ಜ್ವರ ಬಿಟ್ಟಿರಲಿಲ್ಲ, ಹೊಟ್ಟೆ ಉಬ್ಬಿ ಬಿಗಿಯಾಗಿತ್ತು.

“ಕಾಗದ ಒಂದು ಹೇಳತ್ತೆ, ರಕ್ತದ ರಿಪೋರ್ಟು ಇನ್ನೊಂದು ಹೇಳತ್ತೆ,” ಎಂದರು. “ಎಣಿಕೆ ಇಷ್ಟು ಇಳಿದಿರೋದು ನಿಜ ಆದ್ರೆ ಇನ್ನೊಂದು ದಿನ ಕಾಯ್ಬಹುದೇನೋ. ಸಂಜೆ ಬಂದು ತೀರ್ಮಾನ ಮಾಡ್ತೀನಿ.”

ಅವರು ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಾಮೈದ ವಾರ್ಡಿನ ಶೌಚಾಲಯದಲ್ಲಿ ಮುಖ ತೊಳೆದುಕೊಂಡು, ಅಲ್ಲಿಂದಲೇ ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ಹೊರಟ. ಬಿಸಿನೀರಿನ ನಲ್ಲಿ ಇದ್ದದ್ದು ಕಾರಿಡಾರಿನ ಇನ್ನೊಂದು ತುದಿಯಲ್ಲಿ, ಎಕ್ಸ್‌ರೇ ಕೋಣೆಯಾಚೆ. ಅಲ್ಲಿ ಹೊರಗಿನವರಿಗಾಗಿ ಒಂದು ಶೌಚಾಲಯ. ಅವನು ಫ್ಲಾಸ್ಕ್ ತುಂಬಿಸಿ ತಿರುಗುವಷ್ಟರಲ್ಲಿ ಆ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಡ್ರಿಪ್ಪಿನ ಕಂಬ ಹಿಡಿದು, ಬೆವರಿನಲ್ಲಿ ತೊಯ್ದು ರಸಮಟ್ಟ ಹೊರಗೆ ಬಂದ. ಆ ಬಾಗಿಲಿಗೆ ಕಾಗದ ಇರಲಿಲ್ಲ.

“ಭಾವ, ಈ ಕಡೆ ಯಾಕೆ ಬಂದ್ರಿ?”

“ಆ ಕಡೆ ಯಾರೋ ಇದ್ರು.”

“ಯಾರೂ ಇರ್ಲಿಲ್ಲ. ಈಗ ಅಲ್ಲಿಂದಲೇ ಬಂದೆ.”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ? ಬಾಮೈದ ಭಾವನನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದ, ತಾನೂ ಪಕ್ಕದಲ್ಲಿ ಕುಳಿತ. ಫ್ಲಾಸ್ಕನ್ನು ಕಾಲ ಬಳಿ ಇಟ್ಟ.

“ಎಷ್ಟು ಸಲ?” ಎಂದು ಮೆಲ್ಲಗೆ ಕೇಳಿದ.

ರಸಮಟ್ಟ ಬೆವರು ಒರೆಸಿಕೊಂಡ. “ಇನ್ನೊಂದು ದಿನ ಸಿಕ್ಕಿದ್ರೆ ಔಷಧಿ ಹಿಡಿಯತ್ತೆ. ನಂಗೆ ಗೊತ್ತಾಗ್ತಿದೆ.”

“ನಾನೂ ಆವತ್ತು ಹಾಗೇ ಅಂದ್ಕೊಂಡಿದ್ದೆ ಭಾವ. ಇನ್ನೊಂದು ದಿನ ಒಣಗಿದ್ರೆ ಸಂದು ಬಿಗಿಯತ್ತೆ ಅಂತ.” ಅವನು ತನ್ನ ಕೈಗಳನ್ನು ನೋಡಿಕೊಂಡ. “ಆವತ್ತು ನಾನು ನೀರು ಸುರಿದಾಗ ಕೆಡ್ತಿದ್ದದ್ದು ಕೆಳಗಿನ ಮನೆಯವರ ಗೋಡೆ. ಈಗ ಕೆಡೋದು ಯಾರ ಗೋಡೆ?”

“ನೀನು ಹೇಳ್ತೀಯಾ ನಂಗೆ ಬುದ್ಧಿ?”

“ಇನ್ಯಾರು ಹೇಳ್ಬೇಕು? ಈ ಕೆಲಸ ಮಾಡಿ ಸಿಕ್ಕಿಬಿದ್ದವನು ನಾನೊಬ್ಬನೇ.”

ರಸಮಟ್ಟ ಡ್ರಿಪ್ಪಿನ ಕಂಬವನ್ನು ಹತ್ತಿರಕ್ಕೆ ಎಳೆದುಕೊಂಡ. ಆರು ವರ್ಷದಲ್ಲಿ, ಆರು ವರ್ಷ ಏಕೆ, ಮದುವೆಯಾದಂದಿನಿಂದ ಯಾರ ಮುಂದೆಯೂ ಆಡದ ಮಾತು ಹೊರಬಿತ್ತು. “ಹೆದರಿಕೆ ಆಗ್ತಿದೆ ಕಣೋ. ಹೊಟ್ಟೆಗೆ ಚೀಲ ಕಟ್ಕೊಂಡು... ನಾನು ಹೇಗೋ ಬದುಕ್ಲಿ?”

ಬಾಮೈದ ಅವನ ಭುಜದ ಮೇಲೆ ಕೈಯಿಟ್ಟ.

“ಆವತ್ತು ನೀವು ಬೈದಿದ್ದಕ್ಕೆ ನಂಗೆ ಕೋಪ ಇಲ್ಲ ಭಾವ. ಎಲ್ಲರನ್ನೂ ಕರೆದು, ಅವರ ಮುಂದೆ ಬೈದ್ರಲ್ಲ, ಅದಕ್ಕೆ ಕೋಪ. ಈಗ ನಾನು ಯಾರನ್ನೂ ಕರೆಯಲ್ಲ. ಅಕ್ಕನಿಗೂ ಹೇಳಲ್ಲ. ನೀವೇ ಹೋಗಿ ಸಿಸ್ಟರ್ ಹತ್ರ ಹೇಳಿ. ನಾನು ಇಲ್ಲೇ ಕೂತಿರ್ತೀನಿ.”

ರಸಮಟ್ಟ ಎದ್ದ. ಡ್ರಿಪ್ಪಿನ ಕಂಬದ ಒಂದು ಚಕ್ರ ಕೆಟ್ಟಿತ್ತು, ಕಿರುಗುಡುತ್ತ ಎಡಕ್ಕೇ ಎಳೆಯುತ್ತಿತ್ತು. ಕಾರಿಡಾರು ಬಹಳ ಉದ್ದವಿತ್ತು. ಸಿಸ್ಟರ್ ಮೇಜಿನ ಮುಂದೆ ನಿಂತು, ಅವರು ತಲೆ ಎತ್ತುವವರೆಗೂ ಕಾದ.

“ಸಿಸ್ಟರ್, ಆ ಬಾಗಿಲ ಮೇಲಿನ ಕಾಗದ ಸುಳ್ಳು.”

“ಅಂದ್ರೆ?”

“ನಿನ್ನೆ ಹನ್ನೊಂದು ಸಲ. ಇವತ್ತು ಇಷ್ಟು ಹೊತ್ತಿಗೆ ಒಂಬತ್ತು. ಎಲ್ಲದರಲ್ಲೂ ರಕ್ತ.”

ಸಿಸ್ಟರ್ ಫೋನು ಎತ್ತಿದರು. ಅರ್ಧ ಗಂಟೆಯಲ್ಲಿ ಹೊಟ್ಟೆಯ ಎಕ್ಸ್‌ರೇ ಆಯಿತು, ಒಂದು ಗಂಟೆಯಲ್ಲಿ ಶಸ್ತ್ರಚಿಕಿತ್ಸೆಯ ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿದರು. ಕರುಳು ಬಲೂನಿನ ಹಾಗೆ ಹಿಗ್ಗಿತ್ತು, ಗೋಡೆ ಕಾಗದದಷ್ಟು ತೆಳುವಾಗಿತ್ತು. ಇನ್ನೊಂದು ಇಂಜೆಕ್ಷನ್ನಿಗೆ ಕಾಲ ಮೀರಿತ್ತು. ನಾಳೆಯವರೆಗೆ ಕಾದಿದ್ದರೆ ಒಡೆದುಹೋಗುತ್ತಿತ್ತು ಎಂದು ಡಾಕ್ಟರಮ್ಮ ಹೆಂಡತಿಗೆ ಹೇಳಿದರು. ಅವನಿಗೆ ಮಾತ್ರ, “ನೀವು ಹೇಳಿದ್ದು ಒಳ್ಳೇದಾಯ್ತು,” ಎಂದಷ್ಟೇ ಅಂದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯುವ ಕೆಲಸವನ್ನು ಹೆಂಡತಿ ಮಾಡಿದಳು, ಸ್ಟ್ರೆಚರಿನ ಪಕ್ಕದಲ್ಲಿ ನಡೆಯುತ್ತ, ಅವನ ಕೈ ಬಿಡದೆ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಮೈಮೇಲಿನದ್ದೆಲ್ಲ ತೆಗೆದುಕೊಡಿ ಎಂದರು. ಅವನ ಮುಷ್ಟಿಯಲ್ಲಿ ಕೆಂಪು ಪೆನ್ಸಿಲು ಇತ್ತು. ದಿಂಬಿನ ಕೆಳಗಿಂದ ಒಂದು ಕೀಲಿಯನ್ನೂ ತೆಗೆಸಿಟ್ಟುಕೊಂಡಿದ್ದ. ಎರಡನ್ನೂ ಬಾಮೈದನ ಕೈಗೆ ಹಾಕಿದ.

“ಮೂರನೇ ಮಹಡಿ ಬಚ್ಚಲು. ಸಂದು ತುಂಬಿ ಆಗಿದೆ. ನೀರು ನಿಲ್ಸು. ಗೆರೆ ನೀನೇ ಎಳಿ.”

ಬಾಮೈದ ಕೀಲಿಯನ್ನು ನೋಡಿದ. ಬಾಗಿಲು ಮುಚ್ಚಿತು.

ರಸಮಟ್ಟ ಬದುಕಿದ. ಎರಡು ದಿನ ಮಂಪರಿನಲ್ಲಿದ್ದ, ಮೂರನೇ ದಿನ ಕಣ್ಣು ತೆರೆದು ಹೊದಿಕೆ ಸರಿಸಿ ನೋಡಿಕೊಂಡ. ಹೊಟ್ಟೆಯ ಬಲಗಡೆ ಚೀಲ ಇತ್ತು. ಸಿಸ್ಟರ್ ಅದರ ಸುತ್ತಿನ ಅಂಟುಪಟ್ಟಿಯನ್ನು ಬದಲಿಸುವುದು ಹೇಗೆಂದು ತೋರಿಸಿದರು. ಚರ್ಮ ಒಣಗಿರಬೇಕು, ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು, ಒಳಗಿನಿಂದ ಹೊರಕ್ಕೆ ಒತ್ತಿಕೊಂಡು ಬರಬೇಕು. ಅವನು ನೋಡಿದ, ಕೈ ಹಚ್ಚಲಿಲ್ಲ. ಹೆಂಡತಿ ಹತ್ತಿರ ಬಂದರೆ ಹೊದಿಕೆ ಎಳೆದುಕೊಳ್ಳುತ್ತಿದ್ದ. ಅವಳು ಹೊರಗೆ ಹೋಗಿ ಅಳುತ್ತಿದ್ದಳು, ಒಳಗೆ ಬಂದು ನಗುತ್ತಿದ್ದಳು.

ನಾಲ್ಕನೇ ದಿನ ಬೆಳಿಗ್ಗೆ ಬಾಮೈದ ಬಂದ. ಪ್ಯಾಂಟಿನ ಅಂಚು ಒದ್ದೆಯಾಗಿತ್ತು, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು. ಬಾಗಿಲಲ್ಲೇ ನಿಂತ. ಅವನ ಮುಖ ನೋಡಿದ ಕೂಡಲೇ ಅಕ್ಕನಿಗೆ ಅರ್ಥವಾಯಿತು. ಗಂಡನ ತಲೆಯ ಹಿಂದಿನಿಂದ ಬೇಡ, ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ಪಾಸು ಎಂದರೆ ಯಾರಿಗೆ ನಷ್ಟ? ಅವರು ಏಳುವುದರೊಳಗೆ ಒಡೆದು ಸರಿಮಾಡಿದರಾಯಿತು. ಇಷ್ಟೆಲ್ಲ ಕಳೆದುಕೊಂಡು ಮಲಗಿದವನಿಗೆ ಇದೊಂದು ಸುಳ್ಳು ಹೇಳಿದರೆ ಪಾಪ ಬರುತ್ತದೆಯೇ?

ಬಾಮೈದ ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. ಮಂಚದ ಹತ್ತಿರ ಬಂದ.

“ಇಳಿದಿದೆ ಭಾವ. ಅರ್ಧ ಬೆರಳು.”

“ಮಗ್ಗು?”

“ಮಗ್ಗಿಂದು ಹಾಗೇ ಇದೆ. ಕೆಳಗಿನ ಮನೆ ಛಾವಣಿ ನೋಡ್ದೆ. ಮೂಲೆ ಪೈಪಿನ ಹತ್ರ ಒದ್ದೆ.”

ರಸಮಟ್ಟ ಕಣ್ಣು ಮುಚ್ಚಿದ. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಒಂದೇ ಕೈಯಲ್ಲಿ ಒರೆಸಿದ್ದ ಸಂದು ಅದು. ಇಪ್ಪತ್ತೈದು ವರ್ಷದಲ್ಲಿ ಅವನ ಕೈಯಿಂದ ಸೋರಿದ ಮೊದಲ ನೆಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಹೆಂಡತಿ ತಮ್ಮನನ್ನು ದುರುಗುಟ್ಟಿಕೊಂಡು ನೋಡಿದಳು. ಗಂಡ ಅತ್ತದ್ದು ನೆಲ ಸೋರಿದ್ದಕ್ಕಲ್ಲ, ತಮ್ಮ ಅದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಎಂದು ಅವಳಿಗೆ ಆಗ ತಿಳಿಯಲಿಲ್ಲ.

“ಒಡೆದು ಹಾಕು,” ಎಂದ ರಸಮಟ್ಟ. “ಮೊದಲಿಂದ ಹಾಕು.”

“ನೀವು ಎದ್ದು ಬನ್ನಿ, ಆಮೇಲೆ ಹಾಕೋಣ.”

“ನಾನ್ಯಾಕೆ ಬರ್ಲಿ? ಪೆನ್ಸಿಲ್ ನಿನ್ನ ಹತ್ರ ಇದೆಯಲ್ಲ.”

ಆಮೇಲೆ ಅವನು ಹೊದಿಕೆಯನ್ನು ತಾನೇ ಪಕ್ಕಕ್ಕೆ ಸರಿಸಿದ. ಹೆಂಡತಿಯನ್ನು ಹತ್ತಿರ ಕರೆದು ಚೀಲದ ಅಂಚು ತೋರಿಸಿದ.

“ಇಲ್ಲಿ ಅಂಟು ಸ್ವಲ್ಪ ಬಿಟ್ಟಿದೆ ನೋಡು. ಸಿಸ್ಟರ್‌ಗೆ ಹೇಳಿ ಬಾ.”